ಎರಡೇ ಪದರ ಸಾಕು ಮಾರಾಯ್ರೆ

ಅಡಿಕೆ ಸುಲಿತ ಮುಗಿದು ಹಪ್ಪಳ-ಸಂಡಿಗೆಯ ಬಿಸಿಲು ಶುರುವಾಗುತ್ತದಲ್ಲ, ನಮ್ಮ ಕೊಪ್ಪದ ನಾರ್ವೆ ಕಡೆ ಹೆಂಗಸರು ಸೂಜಿ ಹಿಡಿಯುವುದು ಆಗ. ಮಳೆಗಾಲದಲ್ಲಿ ಹೇಗೂ ಮನೆಯೊಳಗೇ ಕೂತಿರುತ್ತಾರೆ, ಆಗ ಹೊಲಿದರಾಯ್ತಪ್ಪ ಎಂದು ಪೇಟೆಯವರಿಗೆ ಅನ್ನಿಸೀತು. ಆಗುವ ಮಾತಾ ಅದು? ಆಷಾಢದಲ್ಲಿ ಡಬ್ಬಿಯೊಳಗಿನ ಸೂಜಿಗೇ ತುಕ್ಕು ಹಿಡಿಯುತ್ತದೆ. ಮಧ್ಯಾಹ್ನ ಮೂರಕ್ಕೇ ಕತ್ತಲೆ, ಕರೆಂಟಂತೂ ಕೇಳಲೇಬೇಡಿ. ಹೊಲಿಗೆ ಏನಿದ್ದರೂ ಶಿವರಾತ್ರಿಯಿಂದ ಈಚೆಗೆ, ಮೊದಲ ಮುಂಗಾರು ಗುಡುಗುವುದರೊಳಗೆ.

ಈ ಸಲ ಬೇಲಿಯಾಚೆ ಮನೆಯ ಅತ್ತಿಗೆಗೂ ಕೌದಿ ಹೊಲಿಯುವ ಹುಕಿ ಬಂದಿದೆ. ದಣಪೆ ಹತ್ತಿರ ನಿಂತು, "ನಾಲ್ಕು ಪದರ ಹಾಕಿ ದಪ್ಪಕ್ಕೆ ಹೊಲೀತೇನೆ, ಮಳೆಗಾಲದ ಚಳಿಗೆ ಬೇಕಲ್ಲ" ಅಂದರು. "ಬೇಡ ಅತ್ತಿಗೆ, ಎರಡೇ ಸಾಕು" ಅಂದೆ. "ತೆಳ್ಳಗಿದ್ರೆ ಅದೆಂತ ಕೌದಿ?" ಅಂತ ಅವರಿಗೆ ಸಿಟ್ಟೇ ಬಂತು. ನನ್ನ ವಾದ ಇಷ್ಟೆ: ಕೌದಿ ಹುಟ್ಟಿದ್ದು ಬಯಲುಸೀಮೆಯ ಬಿಸಿಲಿನಲ್ಲಿ. ಅದನ್ನು ಹಾಗೇ ಎತ್ತಿ ತಂದು ಕೊಪ್ಪದ ಮಳೆಯಲ್ಲಿ ಒಣಹಾಕಿದರೆ ಒಣಗಬೇಕಲ್ವಾ?

ಧಾರವಾಡದಲ್ಲಿ ಓದುವಾಗ ಬಾಗಲಕೋಟೆ ಕಡೆಯ ಗೆಳತಿಯೊಬ್ಬಳು ನನ್ನ ಕೋಣೆಯಲ್ಲಿದ್ದಳು. ಅವಳ ಹಾಸಿಗೆ ಸುರುಳಿಯಲ್ಲೊಂದು ಕೌದಿ. ಎತ್ತಲಿಕ್ಕೆ ಇಬ್ಬರು ಬೇಕು, ಅಷ್ಟು ಭಾರ! ಅವಳ ಊರಲ್ಲಿ ಕೌದಿ ಹೊಲಿಯಲೆಂದೇ ಮನೆಮನೆಗೆ ಬರುವ ಹೆಂಗಸರಿದ್ದರಂತೆ. ಮನೆಯವರು ಹಳೇ ಸೀರೆ, ಧೋತರ, ಕುಪ್ಪಸದ ತುಂಡು ಎಲ್ಲ ಗುಡ್ಡೆ ಹಾಕಿಕೊಟ್ಟರೆ ಸಾಕು, ಕಟ್ಟೆ ಮೇಲೆ ಕೂತು ಅಂಚಿನಿಂದ ಒಳಕ್ಕೆ ಸುತ್ತುತ್ತಾ ಹೊಲಿದು ಮುಗಿಸುವರು. ರಜೆ ಮುಗಿಸಿ ಬರುವಾಗ ಅವಳು ಕೌದಿಯೊಳಗೇ ಖಡಕ್ ರೊಟ್ಟಿ ಕಟ್ಟಿಕೊಂಡು ಬರುತ್ತಿದ್ದಳು. ಒಂದು ರೊಟ್ಟಿಯೂ ಮುರಿಯುತ್ತಿರಲಿಲ್ಲ. ಆ ರೊಟ್ಟಿಗೆ ಶೇಂಗಾ ಚಟ್ನಿ, ಮೇಲೆ ಕೆನೆ ಮೊಸರು... ಇರಲಿ, ಎಲ್ಲಿದ್ದೆ?

ಹಾಂ, ಒಣಗುವ ವಿಷಯ. ನಮ್ಮ ಹಿರಿಯರೇನು ಚಳಿಯಲ್ಲಿ ನಡುಗುತ್ತಾ ಕೂತಿರಲಿಲ್ಲವಲ್ಲ? ಅವರಿಗೆ ಕಂಬಳಿ ಇತ್ತು. ಚಿತ್ರದುರ್ಗ, ಚಳ್ಳಕೆರೆ ಕಡೆಯ ಕುರಿಯ ಉಣ್ಣೆ, ಹುಣಸೆಬೀಜದ ಗಂಜಿ ಹಾಕಿ ನೇಯ್ದದ್ದು. ಉಣ್ಣೆಯ ಗುಣವೇ ಬೇರೆ. ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ತೇವ ಹೀರಿಕೊಂಡರೂ ಮೈಗೆ ಒದ್ದೆ ಅನ್ನಿಸುವುದಿಲ್ಲ, ಬೆಚ್ಚಗೇ ಇಡುತ್ತದೆ. ಹತ್ತಿ ಹಾಗಲ್ಲ. ಒಮ್ಮೆ ತೇವ ಹಿಡಿಯಿತೆಂದರೆ ಮೈಯ ಬಿಸಿಯನ್ನೂ ಎಳೆದುಕೊಳ್ಳುತ್ತದೆ. ಇಲ್ಲೇ ಘಟ್ಟದ ತುದಿಯ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ನಾವೂ ಅದೇ ಮೋಡದ ನೆಂಟರು. ನಾಲ್ಕು ಪದರದ ಹತ್ತಿಯನ್ನು ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ವಾರಗಟ್ಟಲೆ ಹಾಕಿದರೂ ನಡುವಿನ ಪದರ ಒಣಗುವುದಿಲ್ಲ, ಹೊಗೆ ವಾಸನೆ ಮಾತ್ರ ಗಟ್ಟಿಯಾಗಿ ಕೂರುತ್ತದೆ. ಅದಕ್ಕೇ ಹೇಳುವುದು, ಮೇಲೊಂದು ಸೀರೆ, ಕೆಳಗೊಂದು ಸೀರೆ, ಅಷ್ಟೆ. ಚಳಿ ಹೆಚ್ಚಾದರೆ ಮೇಲೆ ಕಂಬಳಿ ಎಳೆದುಕೊಂಡರಾಯ್ತು. ಮೈಗೆ ತಾಗುವುದು ಮೆತ್ತನೆಯ ಕೌದಿ, ಉಣ್ಣೆ ಚುಚ್ಚುವುದೂ ತಪ್ಪಿತು.

ಎರಡೇ ಪದರ ಅಂದರೆ ಚಂದಕ್ಕೆ ಕೊರತೆ ಅಂತಲ್ಲ ಮತ್ತೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡಿನ ಕಾಡಂಚಿನಲ್ಲಿರುವ ಸಿದ್ದಿ ಹೆಂಗಸರು ಹೊಲಿಯುವ ಕವಂದಿ ನೋಡಿದ್ದೀರಾ? ಪೋರ್ಚುಗೀಸರ ಕಾಲದಲ್ಲಿ ಆಫ್ರಿಕದಿಂದ ಗೋವೆಗೆ ತಂದ ಜನರ ಸಂತತಿ ಅವರು. ಒಂದು ಮೂಲೆಯಿಂದ ಶುರುಮಾಡಿ, ತುಂಡಿನ ಪಕ್ಕ ತುಂಡು ಇಡುತ್ತಾ, ಸುತ್ತು ಹಾಕುತ್ತಾ ನಡುವಿಗೆ ಬಂದು ನಿಲ್ಲುತ್ತಾರೆ. ಮೊದಲೇ ನಕ್ಷೆ ಬರೆದುಕೊಳ್ಳುವುದಿಲ್ಲ. ಎಲ್ಲ ಮುಗಿದ ಮೇಲೆ ನಾಲ್ಕು ಮೂಲೆಗೂ ಬಟ್ಟೆಯನ್ನು ಮಡಚಿ ಮಡಚಿ ತ್ರಿಕೋನ ಮಾಡಿ ಹಚ್ಚುತ್ತಾರೆ. ಅದಕ್ಕೆ ಫೂಲ ಅಂತಾರೆ, ಹೂವು. ಹೂವಿಲ್ಲದಿದ್ದರೆ ಆ ಕವಂದಿ ಬತ್ತಲೆಯಂತೆ! ಹೊದ್ದವರು ನಿದ್ದೆಗಣ್ಣಲ್ಲಿ ಮೂಲೆ ನೋಡುತ್ತಾರೋ ಇಲ್ಲವೋ, ಆದರೂ ಕೌದಿಗೆ ಮಾನ ಇರಬೇಕು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹೆನ್ರಿ ಡ್ರೂವಲ್ ಅನ್ನುವವರು ಇಲ್ಲಿ ಬಂದು ಇದನ್ನೆಲ್ಲ ಅಭ್ಯಾಸ ಮಾಡಿ ಬರೆದಿದ್ದಾರೆ.

ಅವರ ದೇಶದಲ್ಲೂ ಇಂಥದ್ದೇ ಒಂದು ಊರಿದೆ, ಅಲಬಾಮಾದ ಜೀಸ್ ಬೆಂಡ್. ನದಿ ಸುತ್ತಿ ಹರಿಯುವ ಕೊಂಕಿನೊಳಗಿನ ಊರು. ಗುಲಾಮರಾಗಿದ್ದವರ ಮೊಮ್ಮಕ್ಕಳು, ಮರಿಮಕ್ಕಳು ಹತ್ತಿ ಹೊಲದಲ್ಲಿ ಸವೆದ ಪ್ಯಾಂಟು-ಅಂಗಿ ಹರಿದು ಹೊದಿಕೆ ಹೊಲಿದರು. 2002ರಲ್ಲಿ ಅವು ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ಮಿನ ಗೋಡೆಯೇರಿದವು, 2006ರಲ್ಲಿ ಅಂಚೆಚೀಟಿಯೂ ಆದವು. ಮಂಡಿಯ ಹತ್ತಿರ ಬಣ್ಣಗೆಟ್ಟ ಪ್ಯಾಂಟಿನ ತುಂಡಿನಲ್ಲಿ ಎಂತ ಚಂದ ಅಂತೀರಾ? ಜೇಬು ಬಿಚ್ಚಿದ ಜಾಗದಲ್ಲಿ ಉಳಿಯುವ ಗಾಢ ನೀಲಿ ಇದೆಯಲ್ಲ, ಆ ಬಣ್ಣ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ನಮ್ಮಲ್ಲಿ ಬೆಂಗಳೂರಿಂದ ಬರುವ ಮಕ್ಕಳು ಬಿಟ್ಟುಹೋದ ಜೀನ್ಸುಗಳು ಅಟ್ಟದ ಮೇಲೆ ರಾಶಿ ಬಿದ್ದಿವೆ. ಆದರೆ ನಮ್ಮ ಮಳೆಗೆ ಅದರ ಕೌದಿ ಆಗದು. ಚೀಲಕ್ಕೆ ಭೇಷಾಗುತ್ತದೆ. ಮೆಷಿನ್‌ಗೆ 18 ನಂಬರಿನ ಸೂಜಿ ಹಾಕಿಕೊಳ್ಳಿ, ಸಣ್ಣದು ಪಟ್ ಅಂತ ಮುರಿಯುತ್ತದೆ.

ಕೌದಿಗೆ ಮಾತ್ರ ಕೈಹೊಲಿಗೆಯೇ ಸೈ. ಸೀರೆಯನ್ನು ಬಿಸಿನೀರಿಗೆ ಹಾಕಿ ಗಂಜಿ ಬಿಡಿಸಿ, ಜರಿಯಂಚು ಹರಿದು ತೆಗೆದು, ಜಗಲಿಯ ಮೇಲೆ ಹಾಸಿ, ನಾಲ್ಕು ಮೂಲೆಗೂ ನಾಲ್ವರು ಕೂತು ಎಳೆದು ಹಿಡಿಯಬೇಕು. ಮೊದಲು ದೊಡ್ಡ ದೊಡ್ಡ ಕಚ್ಚಾ ಹೊಲಿಗೆ. ಆಮೇಲೆ ಅಂಚಿನಿಂದ ಒಳಕ್ಕೆ, ಹೆಬ್ಬೆರಳಗಲ ಬಿಟ್ಟು ಸಾಲು. ದಾರವನ್ನು ಜೇನುಮೇಣಕ್ಕೆ ಒಮ್ಮೆ ಎಳೆದುಕೊಂಡರೆ ಸಿಕ್ಕಾಗುವುದಿಲ್ಲ. ತುಪ್ಪ ಹಿಂಡಿದ ಮೇಲೆ ಮೇಣ ಯಾರಿಗೂ ಬೇಡ, ಜೇನು ಇಟ್ಟವರ ಮನೆಯಲ್ಲಿ ಕೇಳಿದರೆ ಕೊಡುತ್ತಾರೆ.

ನೈಲಾನ್ ಸೀರೆ ಬೇಗ ಒಣಗುತ್ತದಲ್ಲ, ಅದನ್ನೇ ಹಾಕಿದರೆ? ಅತ್ತಿಗೆ ಬಿಡಬೇಕಲ್ಲ, ಅದನ್ನೂ ಕೇಳಿದರು. ಸೂಜಿ ಹಾಕಿದ ಕಡೆಗೆಲ್ಲ ಜಾರುತ್ತದೆ, ಬೆವರು ಹೀರುವುದಿಲ್ಲ, ರಾತ್ರಿ ಹೊದಿಕೆ ಒಂದು ಕಡೆ, ನಾವೊಂದು ಕಡೆ. ಅದನ್ನು ಉದ್ದಕ್ಕೆ ಹರಿದು ಜಡೆ ಹೆಣೆದು ಸುತ್ತಿ ಹೊಲಿದರೆ ಒಳ್ಳೇ ಕಾಲೊರೆಸು ಆಗುತ್ತದೆ, ಕೆಸರಿನ ಕಾಲಕ್ಕೆ ಅದರಷ್ಟು ಉಪಕಾರಿ ಬೇರಿಲ್ಲ. ಹೊಲಿಗೆಯ ಹುಚ್ಚು ಹತ್ತಿದ ಮನೆಯಲ್ಲಿ ಮಿಕ್ಸಿಗೂ ಅಂಗಿ, ಟಿವಿ ರಿಮೋಟಿಗೂ ಅಂಗಿ. ನೋಡಲಿಕ್ಕೆ ಖುಷಿಯಪ್ಪ.

ಒಂದೇ ಸಂಕಟ, ಹತ್ತಿ ಸೀರೆ ಸಿಗುವುದು ಕಷ್ಟವಾಗಿದೆ. ಉಡುವವರೇ ಕಡಿಮೆ. ಉಟ್ಟು ಸವೆದದ್ದಾದರೂ ಸ್ಟೀಲ್ ಪಾತ್ರೆಯವಳ ಗಂಟು ಸೇರುತ್ತದೆ. ನಾಲ್ಕು ಸೀರೆಗೆ ಒಂದು ಡಬ್ಬಿ, ಅದರ ಮುಚ್ಚಳವೂ ಸಡಿಲ! ಇನ್ನು ಮೇಲೆ ಅವಳು ಬಂದರೆ ನೈಲಾನಿನದು ಬೇಕಾದಷ್ಟು ಕೊಡಿ. ಒಗೆದು ಒಗೆದು ಮೆತ್ತಗಾದ ಹತ್ತಿಯದು ಮಾತ್ರ ತೆಗೆದಿಡಿ. ನಿಮಗೆ ಹೊಲಿಯಲು ಪುರುಸೊತ್ತಿಲ್ಲದಿದ್ದರೆ ಬೇಲಿಯ ಮೇಲೆ ಹಾಕಿ ಒಂದು ಕೂಗು ಹಾಕಿ, ನಾನು ಬಂದು ತಗೊಳ್ತೇನೆ.