ಕಂದಾಯ ಏರಲಿ, ಸಿಟ್ಟೂ ಏರಲಿ

ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಒಂದು ಮನೆಗೆ ಕಡಿಮೆಯೆಂದರೂ ನಾಲ್ಕು ಬೆಲೆ. ಸಂಜೆ ವಾಕಿಂಗಿನಲ್ಲಿ ಹೇಳುವ ಬೆಲೆ ಒಂದು. ಸಾಲ ಕೇಳಿದಾಗ ಬ್ಯಾಂಕಿನವರು ಕಟ್ಟುವ ಬೆಲೆ ಇನ್ನೊಂದು. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಕ್ರಯಪತ್ರಕ್ಕೆ ಏರಿಸುವ ಬೆಲೆ ಮತ್ತೊಂದು. ಅಣ್ಣತಮ್ಮಂದಿರು ಪಾಲಾಗುವ ದಿನ, ಆ ಮನೆ ಯಾರ ಪಾಲಿಗೆ ಬರುತ್ತದೋ ಅವರ ಬಾಯಲ್ಲಿ ಬರುವ ಬೆಲೆ ಕೊನೆಯದು ಮತ್ತು ಅತಿ ಕಡಿಮೆಯದು. ಗೃಹಪ್ರವೇಶದ ದಿನ ಬಂದವರಿಗೆಲ್ಲ ‘ಹದಿನೈದು ಚದರ ಬಂತು’ ಎಂದು ಮೆಟ್ಟಿಲು ಹತ್ತಿಸಿ ತೋರಿಸಿದ ಮನೆ, ನಗರಸಭೆಯ ಸ್ವಯಂ ಘೋಷಿತ ಆಸ್ತಿ ತೆರಿಗೆ ನಮೂನೆಗೆ ಬರುವಷ್ಟರಲ್ಲಿ ಹನ್ನೊಂದು ಚದರವಾಗಿರುತ್ತದೆ. ಕಾರ್ ಶೆಡ್ಡು ಶೆಡ್ಡೇ ಹೊರತು ಕಟ್ಟಡವಲ್ಲ, ಮೇಲಿನ ರೂಮು ನೀರಿನ ಟ್ಯಾಂಕಿಗೆ ನೆರಳು ಅಷ್ಟೇ. ಘೋಷಣೆ ಸ್ವಯಂ ಎಂದ ಮೇಲೆ ಟೇಪು ಹಿಡಿಯುವ ಕೈಯೂ ನಮ್ಮದೇ ತಾನೆ! 2023ರ ಅಕ್ಟೋಬರ್ 1ರಂದು ರಾಜ್ಯದಾದ್ಯಂತ ಮಾರ್ಗಸೂಚಿ ದರ ಪರಿಷ್ಕರಣೆಯಾದಾಗ ‘ನಮ್ಮ ಏರಿಯಾ ರೇಟು ಏರಿತು’ ಎಂದು ಮೀಸೆ ತಿರುವಿದವರೇ, ಕಂದಾಯದ ಚಲನ್ನು ಬಂದಾಗ ‘ಈ ಹಳೇ ಗೋಡೆಗೆ ಇಷ್ಟೊಂದಾ?’ ಎಂದು ಬಾಯಿಬಾಯಿ ಬಡಿದುಕೊಂಡರು.

ಆ ಕೂಗನ್ನು ನಾನು ಹೀಗಳೆಯುತ್ತಿಲ್ಲ. ಮನೆ ಕಂದಾಯದ ಅತಿ ದೊಡ್ಡ ಗುಣವೇ ಅದು ನೋಯಿಸುತ್ತದೆ ಎಂಬುದು ನನ್ನ ವಾದ. ಬೇರೆ ತೆರಿಗೆಗಳಿಗೆ ಈ ಪ್ರಾಮಾಣಿಕತೆ ಇಲ್ಲ. ಅದೇ ಮನೆ ಕಟ್ಟುವಾಗ ಮೂಟೆ ಮೂಟೆ ಸಿಮೆಂಟು ತಂದರಲ್ಲ, 2017ರ ಜುಲೈನಿಂದ 2025ರ ಸೆಪ್ಟೆಂಬರ್‌ವರೆಗೆ ಅದರ ಮೇಲಿದ್ದ ಜಿಎಸ್‌ಟಿ ಶೇ 28. ಈಗ ಇಳಿದು ಶೇ 18. ಯಾವ ಯಜಮಾನನೂ ಸಿಮೆಂಟ್ ಅಂಗಡಿಯ ಮುಂದೆ ನಿಂತು ‘ಈ ದುಡ್ಡು ಎಲ್ಲಿಗೆ ಹೋಗುತ್ತದೆ?’ ಎಂದು ಕೇಳಿದ್ದಿಲ್ಲ. ಮೂಟೆಗೆ ಐದು ರೂಪಾಯಿ ಬಿಡಿ ಎಂದು ಚೌಕಾಸಿ ಮಾಡಿ, ಗೆದ್ದೆ ಅಂದುಕೊಂಡು ಮನೆಗೆ ಬಂದ. ಸಂಬಳದಲ್ಲಿ ಮುರಿದುಕೊಳ್ಳುವ ತೆರಿಗೆಯೂ ಅಷ್ಟೆ, ಕೈಗೆ ಬರದ ಹಣ ಹೋದದ್ದು ಗೊತ್ತಾಗುವುದಿಲ್ಲ. ಕಂದಾಯ ಹಾಗಲ್ಲ. ಜೇಬಿನಿಂದ ತೆಗೆದು ಎಣಿಸಿ ಕೊಡಬೇಕು. ಎಣಿಸುವಾಗ ಮನೆಯೆದುರಿನ ಚರಂಡಿ ನೆನಪಾಗುತ್ತದೆ, ಕಣ್ಣು ಮಿಟುಕಿಸುವ ಬೀದಿದೀಪ ನೆನಪಾಗುತ್ತದೆ. ಸಾವಿರಗಟ್ಟಲೆ ಕೊಟ್ಟು ಸುಮ್ಮನಿದ್ದವನನ್ನು ನಾಗರಿಕನನ್ನಾಗಿ ಎಬ್ಬಿಸುವುದು ಈ ನೂರಿನ್ನೂರು ರೂಪಾಯಿಯ ಏರಿಕೆ.

ಏರಿಕೆಯ ಹಿಂದೆ ಒಂದು ಕಥೆಯಿದೆ. ಮೊದಲು ಮೂರು ವರ್ಷಕ್ಕೊಮ್ಮೆ ಶೇ 15 ಏರಿಸುವ ಪದ್ಧತಿ ಇತ್ತು. 15ನೇ ಹಣಕಾಸು ಆಯೋಗವು ನಗರಗಳಿಗೆ ಅನುದಾನ ಬೇಕಾದರೆ ಆಸ್ತಿ ತೆರಿಗೆಗೆ ಕನಿಷ್ಠ ದರ ಗೊತ್ತುಮಾಡಬೇಕು, ರಾಜ್ಯದ ಉತ್ಪನ್ನ ಬೆಳೆದ ಹಾಗೆ ವಸೂಲಿಯೂ ಬೆಳೆಯಬೇಕು ಎಂದು ಷರತ್ತು ಹಾಕಿತು. ಕರ್ನಾಟಕದಲ್ಲಿ ಕಾಯ್ದೆ ತಿದ್ದುಪಡಿಯಾಗಿ, ತೆರಿಗೆಯನ್ನು ಚಾಲ್ತಿ ಮಾರ್ಗಸೂಚಿ ದರಕ್ಕೆ ಗಂಟುಹಾಕಿದರು. ವರ್ಷಕ್ಕೆ ಶೇ 3ರಿಂದ 5ರಷ್ಟು ಏರಿಕೆ ಬಂತು. ಲೆಕ್ಕ ಹಾಕಿ ನೋಡಿ: ಶೇ 3ರಂತೆ ಮೂರು ವರ್ಷ ಏರಿದರೂ ಒಟ್ಟು ಶೇ 9.27, ಹಳೆಯ ಹದಿನೈದಕ್ಕಿಂತ ಕಡಿಮೆಯೇ. ಆದರೂ ಹಳೆಯದೇ ಹಿತವಾಗಿತ್ತು ಅನಿಸುತ್ತದೆ, ಏಕೆಂದರೆ ಎರಡು ವರ್ಷ ಮರೆತಿರಬಹುದಿತ್ತು.

‘ಮನೆ ಮಾರಿದರೆ ತಾನೆ ಲಾಭ? ಪಿಂಚಣಿಯಲ್ಲಿ ಬದುಕುವವರಿಗೆ ಏರಿದ ಬೆಲೆಯನ್ನು ಬೇಯಿಸಿ ತಿನ್ನಲಾಗುತ್ತದೆಯೇ?’ ಎಂಬ ಆಕ್ಷೇಪವಿದೆ. ಇದು ತೂಕದ ಮಾತು. ಕಟ್ಟಡಕ್ಕೆ ವಯಸ್ಸಾದಷ್ಟೂ ಸವಕಳಿ ಕಳೆಯುತ್ತಾರೆ, ಯಜಮಾನರಿಗೂ ವಯಸ್ಸಾಗುತ್ತದೆ. ಕೆಳಗಿನ ನೆಲಕ್ಕೆ ಮಾತ್ರ ವರ್ಷವರ್ಷವೂ ಪ್ರಾಯ. ಆ ಪ್ರಾಯ ಬಂದದ್ದು ಯಜಮಾನರು ನೀರೆರೆದು ಬೆಳೆಸಿದ್ದರಿಂದಲ್ಲ, ಹತ್ತಿರದಲ್ಲಿ ಬೈಪಾಸು, ಬಸ್‌ಸ್ಟ್ಯಾಂಡು, ಮೆಡಿಕಲ್ ಕಾಲೇಜು ಬಂದದ್ದರಿಂದ. ಊರು ಮಾಡಿಕೊಟ್ಟ ಬೆಲೆಯಲ್ಲಿ ಊರು ಒಂದು ಚಿಟಿಕೆ ಕೇಳಿದರೆ ಅನ್ಯಾಯ ಎನ್ನಲಾಗದು. ಆದರೆ ಚಿಟಿಕೆ ಕೇಳುವುದು ನಗದಿನಲ್ಲಿ, ಬೆಲೆ ಇರುವುದು ಕಾಗದದಲ್ಲಿ. ಈ ತೊಡಕು ನಿಜ. ಅದಕ್ಕೇ ಸಣ್ಣಸಣ್ಣ ಏರಿಕೆಯೇ ಮೇಲು, ಹತ್ತು ವರ್ಷ ಮಲಗಿದ್ದು ಒಮ್ಮೆಗೇ ಎದ್ದು ಕುತ್ತಿಗೆ ಹಿಡಿಯುವುದಕ್ಕಿಂತ.

ಚಲನ್ನನ್ನು ಸ್ವಲ್ಪ ಹತ್ತಿರ ಹಿಡಿದು ಓದಿದರೆ ಇನ್ನಷ್ಟು ಸ್ವಾರಸ್ಯವಿದೆ. ತೆರಿಗೆಯ ಮೇಲೆ ಉಪಕರಗಳು: ಆರೋಗ್ಯಕ್ಕೆ ಶೇ 15, ಗ್ರಂಥಾಲಯಕ್ಕೆ ಶೇ 6, ಭಿಕ್ಷುಕರಿಗೆ ಶೇ 3. ಭಿಕ್ಷಾಟನೆ ನಿಷೇಧಿಸುವ 1975ರ ಕಾಯ್ದೆಯೇ ಈ ಕೊನೆಯದಕ್ಕೆ ಆಧಾರ. ಬಾಗಿಲಿಗೆ ಬಂದವರಿಗೆ ‘ಮುಂದೆ ಹೋಗಪ್ಪ’ ಎನ್ನುವ ಯಜಮಾನರೂ ಹೀಗೆ ಪ್ರತಿವರ್ಷ ರಸೀದಿ ಸಮೇತ ಭಿಕ್ಷೆ ಹಾಕಿರುತ್ತಾರೆ. ಪುಸ್ತಕಕ್ಕೆ ಭಿಕ್ಷುಕರ ಎರಡರಷ್ಟು ಎಂಬುದು ಕನ್ನಡ ಲೇಖಕರಿಗೆ ಸಮಾಧಾನ, ಎರಡೂ ಬಾಬಿನಲ್ಲಿ ಅವರಿಗೆ ಹಕ್ಕಿರುವುದರಿಂದ. ಆದರೆ ವಸೂಲಾದ ಗ್ರಂಥಾಲಯ ಕರವನ್ನು ಸ್ಥಳೀಯ ಸಂಸ್ಥೆಗಳು ಇಲಾಖೆಗೆ ದಾಟಿಸದೆ ಬಾಕಿ ಉಳಿಸಿಕೊಳ್ಳುತ್ತವೆ ಎಂಬ ದೂರು ಹಳೆಯದು. ಕಟ್ಟುವವನು ತಡಮಾಡಿದರೆ ದಂಡ, ದಾಟಿಸುವವರು ತಡಮಾಡಿದರೆ ಪತ್ರವ್ಯವಹಾರ.

‘ಚರಂಡಿ ಎತ್ತುವುದಿಲ್ಲ, ಕಂದಾಯ ಏಕೆ ಕಟ್ಟಬೇಕು?’ ಎಂಬುದು ಎಲ್ಲರ ಬಾಯಲ್ಲಿರುವ ಆಕ್ಷೇಪ. ಕಟ್ಟದಿದ್ದರೆ ಚರಂಡಿ ಎತ್ತುತ್ತಾರೆಯೇ? ಬಾಕಿ ಇಟ್ಟವನು ಬೈದರೆ ಬಿಲ್ ಕಲೆಕ್ಟರ್ ಮೊದಲು ಬಾಕಿಯ ಪುಟ ತೆಗೆಯುತ್ತಾನೆ. ಏಪ್ರಿಲ್‌ನಲ್ಲೇ ಶೇ 5ರ ರಿಯಾಯಿತಿ ಪಡೆದು ಪೂರ್ತಿ ಕಟ್ಟಿದವನ ಬೈಗುಳಕ್ಕೆ ಬೇರೆಯೇ ಗತ್ತಿರುತ್ತದೆ.

ನನ್ನ ವಾದ ಕುಂಟುವುದು ಇಲ್ಲಿಯೇ. ಆ ಗತ್ತನ್ನು ತೋರಿಸುವುದು ಯಾರ ಮುಂದೆ? ವಾರ್ಡಿನ ಸದಸ್ಯ ಸಿಕ್ಕರೆ ಹೋಟೆಲಿನಲ್ಲೋ ಮದುವೆ ಮನೆಯಲ್ಲೋ ಅಡ್ಡಗಟ್ಟಿ ಕೇಳಬಹುದು. ಮೈಸೂರು, ಶಿವಮೊಗ್ಗ ಪಾಲಿಕೆಗಳ ಸದಸ್ಯರ ಅವಧಿ 2023ರಲ್ಲೇ ಮುಗಿಯಿತು. ಆಡಳಿತಾಧಿಕಾರಿ ಬಂದರು, 2024 ಪೂರ್ತಿ ಕಳೆದರೂ ಚುನಾವಣೆ ಬರಲಿಲ್ಲ. ಆಡಳಿತಾಧಿಕಾರಿ ಮದುವೆ ಮನೆಯಲ್ಲಿ ಸಿಗುವುದಿಲ್ಲ, ಸಿಕ್ಕರೂ ಅವರಿಗೆ ಮುಂದಿನ ಚುನಾವಣೆಯ ಭಯವಿಲ್ಲ. ಹಾಗಾಗಿ ಕಾಯ್ದೆಗೆ ಇನ್ನೊಂದು ಸಾಲು ಸೇರಲಿ: ಚುನಾಯಿತ ಸದಸ್ಯರಿಲ್ಲದ ವರ್ಷ ಹಳೆಯ ಕಂದಾಯವಷ್ಟೇ, ಏರಿಕೆ ಇಲ್ಲ. ಪೌರಕಾರ್ಮಿಕರ ಸಂಬಳಕ್ಕೆ ತೊಂದರೆ ಎನ್ನುವವರಿಗೆ ಉತ್ತರ ಸುಲಭ, ಚುನಾವಣೆ ನಡೆಸಿ. ಆನ್‌ಲೈನಿನಲ್ಲಿ ಕಟ್ಟಿ ಎನ್ನುತ್ತಾರೆ, ಕಟ್ಟೋಣ. ಅಲ್ಲಿ ಮೊತ್ತಕ್ಕೆ ಒಂದು ಖಾನೆ, ಮೊಬೈಲ್ ನಂಬರಿಗೆ ಒಂದು ಖಾನೆ ಇದೆ, ಬೈಯುವುದಕ್ಕೆ ಯಾವ ಖಾನೆಯೂ ಇಲ್ಲ.