ಮಂಡಿ–ವಿಸ್ತೀರ್ಣ ನಿಯಮ: ನಿವೃತ್ತ ಪರಿಸರ ಪ್ರಾಧ್ಯಾಪಕರ ಸಂಶೋಧನಾಸಕ್ತಿಗಳ ವಿವೇಚನೆ

ಹುಲಿಯಿಂದ ಹಾವಸೆಯವರೆಗೆ ಸಕಲ ಜೀವಿಗಳ ನೆಲೆ, ಮೇವು, ಓಡಾಟಗಳನ್ನು ಪರಿಸರ ವಿಜ್ಞಾನ ಅಳೆದು ದಾಖಲಿಸಿದೆ. ಹಾಗೆ ಅಳೆದವರು ನಿವೃತ್ತರಾದ ಮೇಲೆ ಎಲ್ಲಿ ನೆಲೆಸುತ್ತಾರೆ, ಏನನ್ನು ಅಳೆಯುತ್ತಾರೆ ಎಂಬುದರತ್ತ ಮಾತ್ರ ವಿದ್ವಲ್ಲೋಕದ ಗಮನ ಹರಿದಂತಿಲ್ಲ. ಕಾರಣ ಸ್ಪಷ್ಟ: ಈ ಅಧ್ಯಯನ ಮಾಡಬೇಕಾದವರು ಇನ್ನೂ ಸೇವೆಯಲ್ಲಿದ್ದಾರೆ, ಸೇವೆಯಲ್ಲಿರುವವರಿಗೆ ನ್ಯಾಕ್ ಮೌಲ್ಯಮಾಪನದ ಕಡತ ತುಂಬುವುದರಲ್ಲೇ ಹೊತ್ತು ಮುಳುಗುತ್ತದೆ. ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿ 62ಕ್ಕೆ, ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ 65ಕ್ಕೆ ಪ್ರಾಧ್ಯಾಪಕರಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿತ್ತು, ಕಾಡಿನಿಂದ ನಾಡಿಗೆ ಸ್ಥಳಾಂತರಿಸಲಾಗುತ್ತದೆ. ಪುಂಡಾನೆಯನ್ನು ಹೀಗೆ ಸಾಗಿಸುವಾಗ ರೇಡಿಯೋ ಕಾಲರ್ ತೊಡಿಸುವುದುಂಟು. ಪ್ರಾಧ್ಯಾಪಕರಿಗೆ ಆ ಸೌಲಭ್ಯವಿಲ್ಲ. ಈ ಕೊರತೆಯ ನಡುವೆಯೂ ಪ್ರಸ್ತುತ ಪ್ರಬಂಧ ಪ್ರತಿಪಾದಿಸುವುದಿಷ್ಟು: ನಿವೃತ್ತಿಯಿಂದ ಆಸಕ್ತಿ ಕುಗ್ಗುವುದಿಲ್ಲ, ಅಧ್ಯಯನದ ಕ್ಷೇತ್ರ ಮಾತ್ರ ಮಂಡಿ ಒಪ್ಪುವಷ್ಟಕ್ಕೆ ಕುಗ್ಗುತ್ತದೆ, ಮತ್ತು ಕ್ಷೇತ್ರ ಕುಗ್ಗಿದಷ್ಟೂ ತೀರ್ಮಾನದ ವ್ಯಾಪ್ತಿ ಹಿಗ್ಗುತ್ತದೆ. ಇದನ್ನು ಮಂಡಿ–ವಿಸ್ತೀರ್ಣ ನಿಯಮ ಎಂದು ಕರೆಯಬಹುದು.

ನಿಯಮಕ್ಕೆ ಮೊದಲ ಸಾಕ್ಷಿ ಚಾರ್ಲ್ಸ್ ಡಾರ್ವಿನ್. ಆತ ಪ್ರಾಧ್ಯಾಪಕನೇ ಆಗಿರಲಿಲ್ಲ, ಆದ್ದರಿಂದ ನಿವೃತ್ತನೂ ಆಗಲಾರ ಎಂದು ತಕರಾರು ತೆಗೆಯುವವರಿದ್ದಾರೆ. ನೌಕರಿಯನ್ನೇ ಮಾಡದವನು ಹುಟ್ಟಾ ನಿವೃತ್ತ ಎಂದು ಭಾವಿಸಿದರೆ ತಕರಾರು ತಾನಾಗಿ ಬಿದ್ದುಹೋಗುತ್ತದೆ. 1831ರಿಂದ 1836ರವರೆಗೆ ಬೀಗಲ್ ಹಡಗಿನಲ್ಲಿ ಭೂಮಂಡಲ ಸುತ್ತಿದ ಈ ಮನುಷ್ಯ ಸಾಯುವ ಹಿಂದಿನ ವರ್ಷ, 1881ರಲ್ಲಿ, ಪ್ರಕಟಿಸಿದ್ದು ಎರೆಹುಳುಗಳ ಪುಸ್ತಕ. ಕ್ಷೇತ್ರ, ಬಹುಪಾಲು ಡೌನ್ ಗ್ರಾಮದ ಸ್ವಂತ ಮನೆ ಮತ್ತು ಅದರ ಹಿತ್ತಲು. (ಸ್ಟೋನ್‌ಹೆಂಜ್‌ನ ಬಂಡೆಗಳು ಮಣ್ಣಿನಲ್ಲಿ ಹೂತುಹೋಗುವುದನ್ನು ನೋಡಲು ಒಮ್ಮೆ ಹೋಗಿಬಂದದ್ದುಂಟು, ಮಂಡಿಗೂ ಒಳ್ಳೆಯ ದಿನಗಳಿರುತ್ತವೆ.) ಪರಿಕರಗಳು: ಮಣ್ಣು ತುಂಬಿದ ಕುಂಡ, ಪಿಯಾನೊ, ಮಗನ ಬಸೂನ್. ಹುಳುಗಳ ಮುಂದೆ ಸೀಟಿ ಊದಿದ್ದಾಯಿತು, ಬಸೂನ್ ನುಡಿಸಿದ್ದಾಯಿತು, ಪಿಯಾನೊ ಬಾರಿಸಿದ್ದಾಯಿತು. ಅವು ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಕುಂಡವನ್ನು ಪಿಯಾನೊದ ಮೇಲೆಯೇ ಇಟ್ಟು ಸ್ವರ ಒತ್ತಿದಾಗ ಮಾತ್ರ ಕಂಪನಕ್ಕೆ ಬೆದರಿ ಬಿಲ ಸೇರಿದವು. ಮನೆಮಂದಿಯನ್ನೆಲ್ಲ ಸಂಬಳವಿಲ್ಲದ ಸಂಶೋಧನಾ ಸಹಾಯಕರಾಗಿ ನೇಮಿಸಿಕೊಳ್ಳುವ ಪದ್ಧತಿಗೂ ಇಲ್ಲಿ ಭದ್ರವಾದ ಪೂರ್ವನಿದರ್ಶನವಿದೆ. ಹಿತ್ತಲಿನಿಂದ ಹೊರಟ ತೀರ್ಮಾನವೋ, ಇಡೀ ಇಂಗ್ಲೆಂಡಿನ ಮೇಲ್ಮಣ್ಣು ಹಲವು ಬಾರಿ ಎರೆಹುಳುಗಳ ಹೊಟ್ಟೆ ಹಾಯ್ದು ಬಂದದ್ದು ಎಂಬಷ್ಟು ದೊಡ್ಡದು.

ಇನ್ನು ಗಣಿತ. ವಿಸ್ತೀರ್ಣ ಹೆಚ್ಚಿದಂತೆ ಪ್ರಭೇದಗಳ ಸಂಖ್ಯೆ ಹೆಚ್ಚುಕಡಿಮೆ ಅದರ ನಾಲ್ಕನೇ ಮೂಲದಂತೆ ಏರುತ್ತದೆ ಎನ್ನುವುದು ದ್ವೀಪಗಳನ್ನು ಎಣಿಸಿದವರ ಅನುಭವ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮುದುಮಲೈ ಕಾಡಿನಲ್ಲಿ 1988ರಿಂದ ಅಳೆಯುತ್ತಿರುವ ತಾಕು 50 ಹೆಕ್ಟೇರಿನದು. ಅಂಥ ತಾಕಿಗೆ ಒಗ್ಗಿದ ಕಾಲ್ಪನಿಕ ಪ್ರಾಧ್ಯಾಪಕರೊಬ್ಬರು ಬೆಂಗಳೂರಿನ 30×40 ಅಡಿಯ ಸೈಟಿಗೆ ಬಂದರೆ ಕ್ಷೇತ್ರ ಸುಮಾರು 4,480 ಪಟ್ಟು ಕಿರಿದಾಗುತ್ತದೆ, ಪ್ರಭೇದಗಳು ಎಂಟನೇ ಒಂದು ಪಾಲಿಗೆ ಇಳಿಯಬೇಕು. ಮನೆ, ಸಂಪು, ಕಾರಿನ ಜಾಗ ಕಳೆದರೆ ಉಳಿಯುವುದು ಒಂದು ಕರಿಬೇವಿನ ಗಿಡ, ಅದರ ಮೇಲೊಂದು ಚಿಟ್ಟೆಮರಿ. ಆಸಕ್ತಿಯೂ ಎಂಟನೇ ಒಂದಕ್ಕೆ ಇಳಿಯಬೇಕಲ್ಲವೆ? ಇಳಿಯುವುದಿಲ್ಲ, ಉಳಿದ ಏಳು ಪಾಲು ತೀರ್ಮಾನಕ್ಕೆ ವರ್ಗವಾಗುತ್ತದೆ. ಉದಾಹರಣೆಗೆ, ಜೀವವಿಜ್ಞಾನಿ ಎಡ್ವರ್ಡ್ ವಿಲ್ಸನ್ 1960ರ ದಶಕದಲ್ಲಿ ಶಿಷ್ಯ ಸಿಂಬರ್ಲಾಫ್ ಜೊತೆ ಫ್ಲಾರಿಡಾದ ಕೈಯಗಲದ ಮ್ಯಾಂಗ್ರೋವ್ ದ್ವೀಪಗಳ ಕೀಟಗಳನ್ನೆಲ್ಲ ಧೂಪ ಹಾಕಿ ಕೊಂದು, ಮತ್ತೆ ಯಾವಾಗ ಬರುತ್ತವೆಂದು ಎಣಿಸುತ್ತಿದ್ದರು. 1996ರಲ್ಲಿ ಹಾರ್ವರ್ಡ್‌ನಿಂದ ನಿವೃತ್ತರಾದರು. 2016ರ ಪುಸ್ತಕದಲ್ಲಿ ಜೀವಿಗಳಿಗಾಗಿ ಭೂಮಿಯ ಅರ್ಧವನ್ನೇ ಕೇಳಿದರು. ಅರ್ಧ ಉಳಿಸಿದರೆ ಶೇ 84ರಷ್ಟು ಪ್ರಭೇದ ಉಳಿಯುತ್ತವೆ ಎನ್ನುವುದೂ ಅದೇ ನಾಲ್ಕನೇ ಮೂಲದ ಲೆಕ್ಕವೇ. ಯೇಲ್ ವಿಶ್ವವಿದ್ಯಾಲಯದ ಪರಿಸರ ವಿಜ್ಞಾನಿ ಹಚಿನ್ಸನ್ ಅವರಂತೂ ಸರೋವರಗಳ ಮೇಲಿನ ಮಹಾಗ್ರಂಥದ ಮೊದಲ ಸಂಪುಟವನ್ನು 1957ರಲ್ಲಿ ತಂದು, 1971ರಲ್ಲಿ ನಿವೃತ್ತರಾಗಿ, 1991ರಲ್ಲಿ ತೀರಿಕೊಂಡರು. ನಾಲ್ಕನೆಯ ಸಂಪುಟ ಬಂದದ್ದು 1993ರಲ್ಲಿ. ಆಸಕ್ತಿಗೆ ಆಯುಸ್ಸಿನ ಮಿತಿಯೂ ಇಲ್ಲವೆಂದಾಯಿತು.

ಇಲ್ಲಿ ಪೂರ್ವಪಕ್ಷ ಬಲವಾಗಿ ಏಳುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯಿಂದ 2004ರಲ್ಲಿ ನಿವೃತ್ತರಾದ ಮಾಧವ ಗಾಡ್ಗೀಳರು 2010ರಲ್ಲಿ ಪಶ್ಚಿಮ ಘಟ್ಟ ಪರಿಸರ ತಜ್ಞರ ಸಮಿತಿಯ ಅಧ್ಯಕ್ಷರಾದರಲ್ಲ, ಕ್ಷೇತ್ರವು ಆರು ರಾಜ್ಯಗಳಿಗೆ ಹಿಗ್ಗಿತಲ್ಲ, ನಿಯಮ ಸುಳ್ಳಾಯಿತಲ್ಲ ಎನ್ನುತ್ತಾರೆ. ಸಮಾಧಾನ ಹೀಗಿದೆ: ನಿಯಮ ಮಂಡಿಯನ್ನು ಅವಲಂಬಿಸಿದೆಯೇ ಹೊರತು ವಯಸ್ಸನ್ನಲ್ಲ, ಆತ್ಮಕಥೆಗೆ ಬೆಟ್ಟ ಹತ್ತುವ ಹೆಸರನ್ನೇ ಇಟ್ಟವರ ಮಂಡಿಯ ಬಗ್ಗೆ ಸಂಶಯಕ್ಕೆ ಎಡೆಯಿಲ್ಲ. ಅಷ್ಟಲ್ಲದೆ, ಮುಂದೆ ನಡೆದದ್ದು ಒಂದು ಉಪನಿಯಮವನ್ನೇ ಒದಗಿಸುತ್ತದೆ. ಇಡೀ ಘಟ್ಟವೇ ಸೂಕ್ಷ್ಮ ಎಂದ ವರದಿ 2011ರ ಆಗಸ್ಟಿನಲ್ಲಿ ಸರ್ಕಾರದ ಕೈಸೇರಿ, ಮಾಹಿತಿ ಹಕ್ಕಿನ ಜಗಳವೆಲ್ಲ ಮುಗಿದು ಜನರಿಗೆ ಕಂಡದ್ದು 2012ರ ಮೇ ತಿಂಗಳಲ್ಲಿ. ಆಮೇಲೆ, ಭೂಮಿಯನ್ನು ಮೇಲಿನಿಂದ ನೋಡಿ ಅಭ್ಯಾಸವಿದ್ದ ಬಾಹ್ಯಾಕಾಶ ವಿಜ್ಞಾನಿ ಕಸ್ತೂರಿರಂಗನ್ ಅವರ ತಂಡ ಬಂದು, 2013ರಲ್ಲಿ ಶೇ 37 ಸಾಕು ಎಂದಿತು. ಕರ್ನಾಟಕದ ಸಚಿವ ಸಂಪುಟ 2024ರಲ್ಲಿ ಅದೂ ಬೇಡ ಎಂದಿತು. ಅಂದರೆ, ಮಂಡಿ ಕುಗ್ಗಿಸದ ಕ್ಷೇತ್ರವನ್ನು ಸರ್ಕಾರ ಕುಗ್ಗಿಸುತ್ತದೆ. ನಿಯಮಕ್ಕೆ ಭಂಗವಿಲ್ಲ.

ಹಿತ್ತಲಲ್ಲಿ ಹುಳು ಎಣಿಸುವುದು ಹವ್ಯಾಸ, ಸಂಶೋಧನೆಯಲ್ಲ ಎಂಬ ಆಕ್ಷೇಪಕ್ಕೆ ಡಾರ್ವಿನ್‌ನ ಕುಂಡಗಳೇ ಉತ್ತರ, ಬೆಳೆಸಬೇಕಿಲ್ಲ. ಗಂಭೀರವಾದುದು ಕೊನೆಯದು: ಬರೆದವರು ಮಾತ್ರ ನಮ್ಮ ಕಣ್ಣಿಗೆ ಬಿದ್ದಿದ್ದಾರೆ, ದುರ್ಬೀನನ್ನು ಅಟ್ಟಕ್ಕೇರಿಸಿ, ಧಾರಾವಾಹಿ ನೋಡುತ್ತಾ ಸುಖವಾಗಿರುವ ಪ್ರಾಧ್ಯಾಪಕರು ಗಣತಿಗೇ ಸಿಕ್ಕಿಲ್ಲ. ಕಾಣದ ಪ್ರಾಣಿ ಇಲ್ಲವೇ ಇಲ್ಲ ಎನ್ನುವಂತಿಲ್ಲ, ನಿಜ. ಆದರೆ ಮೀನಿಗೆ, ಚಿಟ್ಟೆಗೆ ಗುರುತು ಹಾಕಿ ಬಿಟ್ಟು ಮತ್ತೆ ಹಿಡಿದು ಲೆಕ್ಕ ಕಟ್ಟುವ ವಿಧಾನವನ್ನು ಈ ಪ್ರಭೇದದ ಮೇಲೆ ಖಜಾನೆಯವರು ಬಹುಕಾಲದಿಂದ ನಡೆಸುತ್ತ ಬಂದಿದ್ದಾರೆ. ಪಿಂಚಣಿ ಸಂಖ್ಯೆಯೇ ಗುರುತು; ನವೆಂಬರಿನಲ್ಲಿ ಜೀವಂತ ಪ್ರಮಾಣಪತ್ರ ಹಿಡಿದು ಬ್ಯಾಂಕಿನ ಸಾಲಿನಲ್ಲಿ ನಿಲ್ಲುವುದೇ ಮರುಹಿಡಿತ. ಬೋನಿಗೆ ತಾನೇ ನಡೆದು ಬರುವ ಇನ್ನೊಂದು ಪ್ರಾಣಿ ಪರಿಸರ ಸಾಹಿತ್ಯದಲ್ಲಿಲ್ಲ. ಆದ್ದರಿಂದ ಸಂಬಂಧಪಟ್ಟ ಇಲಾಖೆಯಲ್ಲಿ ಸವಿನಯ ವಿನಂತಿ: ಬರುವ ನವೆಂಬರಿನಿಂದ ಆ ನಮೂನೆಯಲ್ಲಿ ಸಹಿಯ ಮೇಲೆ, ‘ಸದ್ಯ ಏನನ್ನು ಎಣಿಸುತ್ತಿದ್ದೀರಿ?’ ಎಂಬ ಒಂದು ಕಾಲಂ ಸೇರಿಸಬೇಕು. ಉತ್ತರ ದೊಡ್ಡದಾಗುವ ಸಂಭವವಿರುವುದರಿಂದ ಹೆಚ್ಚುವರಿ ಹಾಳೆ ಲಗತ್ತಿಸಲು ಅವಕಾಶ ಕೊಡಬಾರದು.