ನೀರು ಬೇಡದ ಗಿಡದ ರಾಯರು

ತುಮಕೂರಿನ ಪ್ರತಿ ಬಡಾವಣೆಯಲ್ಲೂ ಇಂಥ ರಾಯರೊಬ್ಬರು ಇದ್ದೇ ಇರುತ್ತಾರೆ. ಸರ್ಕಾರಿ ನೌಕರಿ ಮುಗಿದಿದೆ, ಮೊಣಕಾಲು ಇನ್ನೂ ಗಟ್ಟಿಯಿದೆ, ಮಕ್ಕಳು ಅಮೆರಿಕದಲ್ಲಿದ್ದಾರೆ. ಬೋರ್‌ವೆಲ್ ಕೈಕೊಟ್ಟ ಬೇಸಿಗೆಯಲ್ಲಿ ಗುಲಾಬಿ, ಲಾನು ಎಲ್ಲ ಕಿತ್ತೆಸೆದು, ‘ಇನ್ನೇನಿದ್ದರೂ ನಮ್ಮ ನೆಲದ ಗಿಡ’ ಎಂದು ಸಾರಿದವರು. ಅವರ ಕಣ್ಣಿಗೆ ಬಿದ್ದದ್ದು ತಂಗಡಿ. ಶಿರಾ, ಪಾವಗಡದ ಕಡೆ ಬೀಳುನೆಲದಲ್ಲಿ ಯಾರ ಹಂಗೂ ಇಲ್ಲದೆ ಹಳದಿ ಹೂ ಬಿಟ್ಟುಕೊಂಡು ನಿಂತಿರುತ್ತದಲ್ಲ, ಅದೇ.

ಬೀಜದ ಸಿಪ್ಪೆ ಗಡಸು ಎಂದು ಎಲ್ಲೋ ಓದಿದರು. ಸರಿ, ಒಂದೊಂದನ್ನೇ ಬೆರಳ ತುದಿಯಲ್ಲಿ ಹಿಡಿದು ಸ್ಯಾಂಡ್‌ಪೇಪರಿಗೆ ಉಜ್ಜಿದರು. ಬೀಜಕ್ಕಿಂತ ಮೊದಲು ಉಗುರು ಸವೆಯಿತು. ರಾತ್ರಿ ಬಿಸಿನೀರಲ್ಲಿ ನೆನೆಹಾಕಿ, ನಡುರಾತ್ರಿ ಎದ್ದು ಟಾರ್ಚ್ ಬಿಟ್ಟು, ಊದಿದ್ದೆಷ್ಟು ಊದದ್ದೆಷ್ಟು ಎಂದು ಡೈರಿಯಲ್ಲಿ ಬರೆದರು. ‘ನನ್ನ ಎರಡು ಬಾಣಂತನದಲ್ಲಿ ಒಂದು ರಾತ್ರಿಯೂ ಎದ್ದವರಲ್ಲ’ ಎಂದು ಅವರ ಮನೆಯವರು ಒಳಗಿನಿಂದಲೇ ಅಂದರು.

ಬಂದವರಿಗೆ ಗಿಡದ ದರ್ಶನವಾಗದೆ ಕಾಫಿ ಇಲ್ಲ. ತೊಗಟೆಯಲ್ಲಿ ಟ್ಯಾನಿನ್ ಇದೆ, ಚರ್ಮ ಹದ ಮಾಡುತ್ತಿದ್ದರು. ಸೊಪ್ಪು ಗದ್ದೆಗೆ ಹಸಿರು ಗೊಬ್ಬರ. ತೆಲಂಗಾಣದ ರಾಜ್ಯಪುಷ್ಪ, ಬತುಕಮ್ಮ ಹಬ್ಬಕ್ಕೆ ಬೇಕೇ ಬೇಕು. ಡಿಕಾಕ್ಷನ್ ಆರುವವರೆಗೂ ಇದು ನಡೆಯುತ್ತದೆ. ‘ಮುಖ್ಯ ಏನಪ್ಪಾ ಅಂದರೆ, ಇದಕ್ಕೆ ನೀರೇ ಬೇಡ’ ಎನ್ನುತ್ತ ಕೈಯಲ್ಲಿದ್ದ ಚೊಂಬನ್ನು ಬುಡಕ್ಕೆ ಬಗ್ಗಿಸುತ್ತಾರೆ.

‘ಮತ್ತೆ ಇದೇನು ಸಾರ್?’

‘ಇದು ನೀರಲ್ಲ, ಅಕ್ಕಿ ತೊಳೆದದ್ದು.’

ಅಕ್ಕಿ ತೊಳೆದದ್ದು, ಬೇಳೆ ತೊಳೆದದ್ದು, ಎರೆಗೊಬ್ಬರ, ಹಿಂಡಿ. ಇಷ್ಟು ಉಪಚಾರ ಕಂಡ ಗಿಡ ಹೂ ಯಾಕೆ ಬಿಟ್ಟೀತು? ಆಳೆತ್ತರ ಸೊಪ್ಪಾಗಿ ಬೆಳೆದು ಕಾಂಪೌಂಡಿನಾಚೆ ಇಣುಕುತ್ತಿತ್ತು. ತನಗೆ ಯಾರೂ ಬೇಡದ ಗಿಡವೇ ರಾಯರಿಗೆ ಬೇಕಾಗಿತ್ತು. ಆದರೆ ಬೇಡ ಎನ್ನಿಸಿಕೊಂಡು ಸುಮ್ಮನಿರುವ ಜಾಯಮಾನ ಅವರದಲ್ಲ. ನಿವೃತ್ತಿಯಾದ ದಿನವೂ ಸಂಜೆಯ ಮೇಲೆ ಎರಡು ಫೈಲು ನೋಡಿ ಬಂದವರಂತೆ.

ದೀಪಾವಳಿಯ ಬೆಳಗ್ಗೆ ಮನೆಗೆಲಸದ ಹೆಂಗಸು ಊರಿಂದ ಬರುವಾಗ ಒಂದು ಕಂತೆ ತಂಗಡಿ ಹೂ ಮುರಿದು ತಂದಿದ್ದಳು. ಹೊಸಿಲಿನ ಎರಡೂ ಬದಿ ಸಗಣಿಯುಂಡೆ ಇಟ್ಟು, ಹೂವಿನ ಗೊಂಚಲನ್ನು ಒಂದೊಂದಾಗಿ ಅದಕ್ಕೆ ಚುಚ್ಚಿದಳು. ರಾಯರು ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು.

‘ಇದೇನು ಗೊತ್ತೇನಮ್ಮಾ? ಸೆನ್ನಾ ಆರಿಕ್ಯುಲೇಟಾ. ಬೆಳೆಸೋದು ಅಷ್ಟು ಸುಲಭ ಅಲ್ಲ.’

‘ಹೌದಾ ಸಾರ್?’ ಎಂದಳು ಅವಳು, ಸಗಣಿಯ ಕೈ ತೊಳೆಯುತ್ತ. ‘ನಮ್ಮ ಬದುವಿನಲ್ಲಿ ಕಿತ್ತು ಹಾಕಿ ಹಾಕಿ ಸಾಕಾಯ್ತು, ಬೇಕಾದ್ರೆ ನಾಲ್ಕು ಬುಡ ತಂದುಕೊಡ್ಲಾ?’